ಮುಟ್ಟು ನಿಂತ ಮೇಲಿನ ಉರಿಗೆ ಮದ್ದಿದೆ

ತೊಳೆದುಕೊಳ್ಳುವಾಗ ಉರಿ, ಆಗಾಗ ಉರಿಮೂತ್ರ, ಗಂಡನ ಹತ್ತಿರ ಹೋಗಲು ಭಯ. 45 ದಾಟಿದ ನಮ್ಮ ಎಷ್ಟೋ ಉಮ್ಮಂದಿರು ಇದನ್ನು ಯಾರಲ್ಲಿಯೂ ಹೇಳುವುದಿಲ್ಲ. ನನಗೆ ಇಂಥ ಪ್ರಶ್ನೆ ಬರುವುದು ಮನೆಯವಳ ಮೂಲಕ, ಅದೂ "ಇಸ್ತಿಂಜಾ ಸರಿಯಾಗ್ತದಾ ಉಸ್ತಾದರಲ್ಲಿ ಕೇಳಿ" ಎಂಬ ರೂಪದಲ್ಲಿ. ಉಮ್ಮು ಸುಲೈಂ (ರ.ಅ.) ಅವರು ಸ್ತ್ರೀಯರ ಸ್ನಾನದ ವಿಷಯವನ್ನು ನೇರವಾಗಿ ಪ್ರವಾದಿ (ಸ.ಅ.) ಅವರಲ್ಲೇ ಕೇಳಿದ್ದರು. ನಮ್ಮವರಿಗೆ ಡಾಕ್ಟರರಲ್ಲಿ ಹೇಳಲೂ ನಾಚಿಕೆ.

ಹನ್ನೆರಡು ತಿಂಗಳು ಸತತವಾಗಿ ಹೈಳ್ ಆಗದಿದ್ದರೆ ಮುಟ್ಟು ನಿಂತಿತು ಎನ್ನುತ್ತಾರೆ. ಆ ಹೊತ್ತಿಗೆ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳಚರ್ಮ ತೆಳುವಾಗುತ್ತದೆ, ಪಸೆ ಆರುತ್ತದೆ. ಮೈ ಬಿಸಿಯಾಗುವುದು, ಬೆವರುವುದು ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ಈ ಒಣಗುವಿಕೆ ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಹೋಗುವುದಿಲ್ಲ, ಹೆಚ್ಚುತ್ತದೆ.

ಗಂಡ ಗಲ್ಫಿನಲ್ಲಿರುವ ಮನೆಗಳಲ್ಲಿ ಇದು ಬೇರೆಯೇ ತೊಂದರೆ ತರುತ್ತದೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದವನಿಗೆ ಹೆಂಡತಿ ದೂರ ಸರಿಯುವುದು ಮಾತ್ರ ಕಾಣುತ್ತದೆ, ನೋವು ಕಾಣುವುದಿಲ್ಲ. ಅವಳು ಹೇಳುವುದಿಲ್ಲ, ಇವನು ಕೇಳುವುದಿಲ್ಲ, ಮುನಿಸು ಬೆಳೆಯುತ್ತದೆ. ಗಂಡಸರೇ, ಮೊದಲು ನೀವು ಕೇಳಿ. ನೋವಿದ್ದರೆ ಒತ್ತಾಯ ಬೇಡ.

ಇನ್ನು ತೊಳೆಯುವ ವಿಷಯ. ಶುದ್ಧಿಯಾಗಲಿಲ್ಲವೋ ಏನೋ ಎಂಬ ವಸ್ವಾಸಿನಿಂದ ಕೆಲವರು ಸಾಬೂನು, ಡೆಟ್ಟಾಲ್ ಹಾಕಿ ಒಳಗಿನವರೆಗೆ ತೊಳೆಯುತ್ತಾರೆ. ತೆಳುವಾದ ಚರ್ಮಕ್ಕೆ ಇದಕ್ಕಿಂತ ದೊಡ್ಡ ಉಪದ್ರವಿಲ್ಲ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಹೆಂಗಸರು ಕುಕ್ಕರಗಾಲಲ್ಲಿ ಕುಳಿತಾಗ ಹೊರಗೆ ಕಾಣುವಷ್ಟು ಭಾಗ ತೊಳೆದರೆ ಸಾಕು, ಒಳಗೆ ತೊಳೆಯಬೇಕಾಗಿಯೇ ಇಲ್ಲ. ಅದಕ್ಕೆ ಬರಿ ನೀರು ಸಾಕು. ಸುಗಂಧದ ಪೌಡರೂ ಬೇಡ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ನೀರಿನಂಶದ ಲೂಬ್ರಿಕೆಂಟ್ ಜೆಲ್ ಸಂಸರ್ಗದ ಹೊತ್ತಿನ ನೋವು ಕಡಿಮೆ ಮಾಡುತ್ತದೆ. ಅದು ಸಾಲದಿದ್ದರೆ ಲೇಡಿ ಡಾಕ್ಟರರು ಈಸ್ಟ್ರೋಜನ್ ಇರುವ ಕ್ರೀಮ್ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಎರಡು ವಾರ ದಿನಾ, ಆಮೇಲೆ ವಾರಕ್ಕೆ 2 ಸಲ. ಹಚ್ಚಿದ ಜಾಗದಲ್ಲೇ ಕೆಲಸ ಮಾಡುವ ಮದ್ದಿದು, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೇ ಬಿಡಬಾರದು. ಸ್ತನ ಕ್ಯಾನ್ಸರ್ ಆದವರು ಅದನ್ನು ಮೊದಲೇ ಡಾಕ್ಟರರಿಗೆ ಹೇಳಬೇಕು.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ "ಒಣಗಿದ್ದರಿಂದ ಇರಬೇಕು", "ಪುನಃ ಹೈಳ್ ಬಂತು" ಎಂದು ಕೂರಬೇಡಿ. ನಮಾಝಿನ ಮಸ್ಅಲ ಉಸ್ತಾದರಲ್ಲಿ ಕೇಳಿ, ಆದರೆ ಅದೇ ವಾರ ಡಾಕ್ಟರರಿಗೂ ತೋರಿಸಿ. ಗರ್ಭಕೋಶದ ಕ್ಯಾನ್ಸರ್ ಕೆಲವೊಮ್ಮೆ ಹೀಗೇ ಶುರುವಾಗುತ್ತದೆ.

ನೋಂಬಿನ ತಿಂಗಳಲ್ಲಿ ಒಂದು ಎಚ್ಚರ: ಹಗಲಲ್ಲಿ ಒಳಗೆ ಮದ್ದು ಇಟ್ಟರೆ ನಮ್ಮ ಮದ್‌ಹಬಿನಲ್ಲಿ ನೋಂಬು ಮುರಿಯುತ್ತದೆ. ಈ ಕ್ರೀಮನ್ನು ಹೇಗೂ ರಾತ್ರಿ ಮಲಗುವಾಗ ಹಚ್ಚಲು ಹೇಳುತ್ತಾರೆ, ತರಾವೀಹ್ ಮುಗಿಸಿ ಹಚ್ಚಿಕೊಂಡರಾಯಿತು.