ಬೂದು ಬಣ್ಣಕ್ಕೆ ಎಡೆಯಿಲ್ಲ

1919ರ ಜನವರಿ. ಕೊಲೆಯಾದ ಎಡಪಂಥೀಯ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಅವರ ಶವದೆದುರು ನಿಂತು ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ ಚಿತ್ರ ಬರೆದುಕೊಂಡರು. ಬರೆದುಕೊಡಿ ಎಂದು ಕೇಳಿದ್ದು ಮನೆಯವರೇ. ಆ ರೇಖೆಗಳನ್ನು ಮೊದಲು ಎಚ್ಚಿಂಗ್‌ನಲ್ಲಿ, ಆಮೇಲೆ ಕಲ್ಲಚ್ಚಿನಲ್ಲಿ ಮಾಡಿ ನೋಡಿದರು. ಎರಡರಲ್ಲೂ ಪಳಗಿದ ಕೈ, ಆದರೂ ಸಮಾಧಾನವಿಲ್ಲ. 1920ರಲ್ಲಿ ಅರ್ನ್‌ಸ್ಟ್ ಬಾರ್ಲಾಖ್ ಅವರ ವುಡ್‌ಕಟ್‌ಗಳನ್ನು ಕಂಡ ಮೇಲೆ, ಐವತ್ತು ದಾಟಿದ್ದ ಆಕೆ ಹೊಸದಾಗಿ ಉಳಿ ಹಿಡಿದರು.

ಹಲಗೆಯಲ್ಲಿ ಬಿಳಿ ಬೇಕಾದ ಕಡೆಯೆಲ್ಲ ಕೆತ್ತಿ ತೆಗೆದು, ಉಳಿದ ಉಬ್ಬಿಗೆ ರೋಲರ್‌ನಿಂದ ಶಾಯಿ ಸವರಿ, ಕಾಗದ ಹಾಸಿ ಒತ್ತಿದರೆ ವುಡ್‌ಕಟ್. ಪ್ರೆಸ್ ಇಲ್ಲದವರು ಚಮಚದ ಬೆನ್ನಿನಿಂದ ಉಜ್ಜುವುದೂ ಉಂಟು. ಕಾಗದದಲ್ಲಿ ಎಡ ಬಲವಾಗುತ್ತದೆ, ಕೆತ್ತುವಾಗಲೇ ಲೆಕ್ಕವಿರಬೇಕು. ಪೆನ್ಸಿಲ್ಲಿನವರು ಬಿಳಿ ಹಾಳೆಗೆ ಕಪ್ಪು ತರುತ್ತಾರೆ. ಇಲ್ಲಿ ಕಪ್ಪು ಮೊದಲೇ ಇದೆ, ಉಳಿ ಹೋದಲ್ಲಿ ಮಾತ್ರ ಬೆಳಕು. ಒತ್ತೊತ್ತಾಗಿ ಗೀರಿ ಬೂದು ಬಣ್ಣದ ಭ್ರಮೆ ಹುಟ್ಟಿಸುವ ಜಾಣರಿದ್ದಾರೆ. ನನಗೇನೋ ಆ ಜಾಣತನ ಬೇಡದ ಚಿತ್ರಗಳೇ ಇಷ್ಟ.

ಕೋಲ್ವಿಟ್ಸ್ ಅವರ ಕಿರಿಯ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸತ್ತ. ಹದಿನೆಂಟರ ಹುಡುಗ, ಸೈನ್ಯ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಬೇಡವೆಂದಾಗ ಮಗನ ಪರ ನಿಂತು ಒಪ್ಪಿಸಿದವಳು ಅಮ್ಮ. ಏಳು ವುಡ್‌ಕಟ್‌ಗಳ 'ಯುದ್ಧ' ಸರಣಿಯನ್ನು ನೋಡುವಾಗ ಇದು ಗೊತ್ತಿರಬೇಕು. 'ಬಲಿ' ಎಂಬ ಮೊದಲ ಚಿತ್ರದಲ್ಲಿ ಬೆತ್ತಲೆ ತಾಯಿಯೊಬ್ಬಳು ಕಣ್ಣು ಮುಚ್ಚಿ ಹಸುಗೂಸನ್ನು ಮುಂದೆ ಚಾಚಿದ್ದಾಳೆ. ಕೊಡುತ್ತಿದ್ದಾಳೋ, ಕಾಯುತ್ತಿದ್ದಾಳೋ?

'ತಂದೆ ತಾಯಿ' ಚಿತ್ರದಲ್ಲಿ ಇಬ್ಬರೂ ಮಂಡಿಯೂರಿದ್ದಾರೆ. ಅಪ್ಪ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ಅಮ್ಮ ಅವನ ಮೇಲೆ ಕುಸಿದಿದ್ದಾಳೆ. ಅವನ ಬಟ್ಟೆ ಎಲ್ಲಿ ಮುಗಿಯಿತು, ಅವಳದೆಲ್ಲಿ ಶುರುವಾಯಿತು ತಿಳಿಯದು. ಎರಡು ಮೈ ಸೇರಿ ಒಂದೇ ಕರಿ ಗುಡ್ಡ. ಕಣ್ಣೀರಿಲ್ಲ, ಮುಖವೂ ಕಾಣದು. ಕಲ್ಲಚ್ಚಿನ ಮೆದು ನೆರಳಿದ್ದಿದ್ದರೆ ಈ ದುಃಖಕ್ಕೆ ಒಂದಿಷ್ಟು ಸಾಂತ್ವನ ಸಿಕ್ಕಿಬಿಡುತ್ತಿತ್ತು. ಹಲಗೆ ಅದನ್ನು ಕೊಡುವುದಿಲ್ಲ.

ಈ ಚಿತ್ರಗಳು ಚೀನಾಕ್ಕೂ ಹೋದವು. 1931ರಲ್ಲಿ ಯುವ ಲೇಖಕ ರೌ ಷಿ ಅವರನ್ನು ಸರ್ಕಾರ ಗುಂಡಿಟ್ಟು ಕೊಂದಾಗ, ಅವರ ನೆನಪಿಗೆಂದು ಸಾಹಿತಿ ಲು ಷುನ್ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದು 'ಬಲಿ'ಯನ್ನೇ. ಅದೇ ವರ್ಷದ ಆಗಸ್ಟ್‌ನಲ್ಲಿ ಶಾಂಘೈಯಲ್ಲಿ ಹದಿಮೂರು ಮಂದಿಗೆ ಆರು ದಿನಗಳ ವುಡ್‌ಕಟ್ ತರಗತಿ ನಡೆಸಿದರು. ಮೇಷ್ಟ್ರು ಜಪಾನಿನವರು. ಪಕ್ಕದಲ್ಲಿ ನಿಂತು ಅವರ ಒಂದೊಂದು ಮಾತನ್ನೂ ಹುಡುಗರಿಗೆ ಚೀನಿ ಭಾಷೆಯಲ್ಲಿ ಹೇಳುತ್ತಿದ್ದವರು ಲು ಷುನ್.