ಔಷಧಗಳಲ್ಲಿ ಗ್ಲುಟೆನ್

ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ (ಜವೆಗೋಧಿ) ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಸಮೂಹ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಇದು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ, ಸಣ್ಣ ಕರುಳಿನ ಒಳಪದರಕ್ಕೆ ಹಾನಿಯುಂಟುಮಾಡುತ್ತದೆ. ಜೀವನಪರ್ಯಂತ ಗ್ಲುಟೆನ್‌ರಹಿತ ಆಹಾರ ಸೇವಿಸುವುದೇ ಇದಕ್ಕಿರುವ ಮುಖ್ಯ ಚಿಕಿತ್ಸೆ. ನುಂಗುವ ಔಷಧಗಳಲ್ಲಿಯೂ ಅತ್ಯಲ್ಪ ಪ್ರಮಾಣದ ಗ್ಲುಟೆನ್ ಇರುವ ಸಾಧ್ಯತೆ ಇರುವುದರಿಂದ, ನಿತ್ಯವೂ ಮಾತ್ರೆ ಸೇವಿಸುವ ರೋಗಿಗಳು ಅವುಗಳ ಘಟಕಗಳನ್ನು ತಿಳಿದುಕೊಳ್ಳುವುದು ಅಗತ್ಯ.

ಮೂಲ

ಮಾತ್ರೆಗಳಲ್ಲಿ ಸಕ್ರಿಯ ಘಟಕದ ಜೊತೆಗೆ ನಿಷ್ಕ್ರಿಯ ಘಟಕಗಳೂ ಇರುತ್ತವೆ. ಪುಡಿಯನ್ನು ಹಿಡಿದಿಡಲು, ಮಾತ್ರೆಯ ಗಾತ್ರ ಹೆಚ್ಚಿಸಲು ಮತ್ತು ಅದು ಹೊಟ್ಟೆಯಲ್ಲಿ ಒಡೆಯುವಂತೆ ಮಾಡಲು ಪಿಷ್ಟವನ್ನು ಬಳಸಲಾಗುತ್ತದೆ. ಸಾಮಾನ್ಯವಾಗಿ ಈ ಪಿಷ್ಟವನ್ನು ಮೆಕ್ಕೆಜೋಳ, ಆಲೂಗಡ್ಡೆ ಅಥವಾ ಮರಗೆಣಸಿನಿಂದ ಪಡೆಯುತ್ತಾರೆ. ಇವುಗಳಲ್ಲಿ ಗ್ಲುಟೆನ್ ಇರುವುದಿಲ್ಲ. ಗೋಧಿ ಪಿಷ್ಟದ ಬಳಕೆ ವಿರಳ. ಅದನ್ನು ಶುದ್ಧೀಕರಿಸುವಾಗ ಪ್ರೋಟೀನಿನ ಬಹುಭಾಗ ಬೇರ್ಪಟ್ಟರೂ ಅಲ್ಪಾಂಶ ಉಳಿಯುತ್ತದೆ. ಲ್ಯಾಕ್ಟೋಸ್, ಮ್ಯಾನಿಟಾಲ್, ಸೆಲ್ಯುಲೋಸ್ ಮತ್ತು ಮೆಗ್ನೀಸಿಯಂ ಸ್ಟಿಯರೇಟ್ ಗ್ಲುಟೆನ್ ಧಾನ್ಯಗಳಿಂದ ಬಂದವುಗಳಲ್ಲ. ಆದರೆ ಕರುಳು ಇನ್ನೂ ಚೇತರಿಸಿಕೊಳ್ಳದ ರೋಗಿಗಳಲ್ಲಿ ಲ್ಯಾಕ್ಟೋಸ್ ಹೊಟ್ಟೆಯುಬ್ಬರ, ಭೇದಿಗಳನ್ನು ಉಂಟುಮಾಡಬಹುದು. ಇದನ್ನು ಗ್ಲುಟೆನ್‌ನ ಪರಿಣಾಮವೆಂದು ತಪ್ಪಾಗಿ ತಿಳಿಯುವುದುಂಟು.

ಪ್ರಮಾಣ

ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇರುವ ಆಹಾರವನ್ನು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಗ್ಲುಟೆನ್‌ರಹಿತವೆಂದು ಪರಿಗಣಿಸಲಾಗುತ್ತದೆ. ಗೋಧಿ ಪಿಷ್ಟವಿರುವ ಒಂದು ಮಾತ್ರೆಯಿಂದ ದೇಹಕ್ಕೆ ಸೇರುವ ಗ್ಲುಟೆನ್ 0.5 ಮಿಲಿಗ್ರಾಂ ಮೀರುವುದಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು (ಎಫ್‌ಡಿಎ) ಅಂದಾಜಿಸಿದೆ. ಆದ್ದರಿಂದ ಬಹುಪಾಲು ಔಷಧಗಳು ಸುರಕ್ಷಿತ. ಆದರೂ ದಿನಕ್ಕೆ ಹಲವು ಮಾತ್ರೆಗಳನ್ನು ವರ್ಷಗಟ್ಟಲೆ ಸೇವಿಸುವವರು ಒಟ್ಟು ಪ್ರಮಾಣವನ್ನು ಗಮನಿಸುವುದು ಸೂಕ್ತ.

ನಿಯಮಗಳು

ಔಷಧದಲ್ಲಿ ಗೋಧಿ, ಬಾರ್ಲಿ ಅಥವಾ ರೈಯಿಂದ ತಯಾರಾದ ಘಟಕವಿಲ್ಲದಿದ್ದಲ್ಲಿ ಅದನ್ನು ಲೇಬಲಿನಲ್ಲಿ ತಿಳಿಸಬಹುದೆಂದು ಎಫ್‌ಡಿಎ 2017ರಲ್ಲಿ ಕರಡು ಮಾರ್ಗಸೂಚಿ ಪ್ರಕಟಿಸಿತು, ಇದು ಕಡ್ಡಾಯವಲ್ಲ. ಐರೋಪ್ಯ ಒಕ್ಕೂಟದಲ್ಲಿ ಗೋಧಿ ಪಿಷ್ಟವನ್ನು ಬಳಸಿದ್ದರೆ ಔಷಧದ ಮಾಹಿತಿಪತ್ರದಲ್ಲಿ ನಮೂದಿಸಬೇಕು. ಗೋಧಿಯ ಅಲರ್ಜಿಯು ಸೀಲಿಯಾಕ್ ಕಾಯಿಲೆಗಿಂತ ಭಿನ್ನವಾದುದರಿಂದ, ಅಲರ್ಜಿ ಇರುವವರಿಗೆ ಅಲ್ಲಿ ಪ್ರತ್ಯೇಕ ಎಚ್ಚರಿಕೆಯನ್ನೂ ನೀಡಲಾಗುತ್ತದೆ.

ಔಷಧವನ್ನು ಪರಿಶೀಲಿಸುವ ಕ್ರಮ

* ವೈದ್ಯರಿಗೂ ಔಷಧದಂಗಡಿಯ ಫಾರ್ಮಸಿಸ್ಟರಿಗೂ ಕಾಯಿಲೆಯ ವಿಷಯವನ್ನು ಮೊದಲೇ ತಿಳಿಸಬೇಕು.
* ಮಾಹಿತಿಪತ್ರದಲ್ಲಿ ನಿಷ್ಕ್ರಿಯ ಘಟಕಗಳ ಪಟ್ಟಿಯಿದ್ದರೆ ಅದನ್ನು ಓದಬೇಕು. ಸಸ್ಯದ ಹೆಸರಿಲ್ಲದೆ 'ಪಿಷ್ಟ', 'ಡೆಕ್ಸ್ಟ್ರಿನ್' ಅಥವಾ 'ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್' ಎಂದಷ್ಟೇ ಇದ್ದಲ್ಲಿ, ಅದರ ಮೂಲವನ್ನು ತಯಾರಕರಲ್ಲಿ ವಿಚಾರಿಸಬೇಕು.
* ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ನಿಷ್ಕ್ರಿಯ ಘಟಕಗಳಿಂದ ತಯಾರಿಸಬಹುದು. ಆದ್ದರಿಂದ ಬದಲಿ ಬ್ರ್ಯಾಂಡ್ ಕೊಟ್ಟಾಗ ಮತ್ತೊಮ್ಮೆ ಪರಿಶೀಲಿಸಬೇಕು.
* ವಿಟಮಿನ್ ಮತ್ತು ಗಿಡಮೂಲಿಕೆಯ ಪೂರಕಗಳನ್ನೂ ಇದೇ ರೀತಿ ಪರಿಶೀಲಿಸಬೇಕು.

ಎಚ್ಚರಿಕೆ

ಗ್ಲುಟೆನ್ ಇರಬಹುದೆಂಬ ಶಂಕೆಯಿಂದ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಅಪಸ್ಮಾರ, ಹೃದ್ರೋಗ, ಥೈರಾಯ್ಡ್ ಮುಂತಾದ ಕಾಯಿಲೆಗಳಲ್ಲಿ ಔಷಧ ತಪ್ಪುವುದರಿಂದಾಗುವ ಹಾನಿಯು ಮಾತ್ರೆಯಲ್ಲಿರಬಹುದಾದ ಅಲ್ಪ ಗ್ಲುಟೆನ್‌ನ ಹಾನಿಗಿಂತ ಬಹಳ ಹೆಚ್ಚಾಗಬಹುದು. ಸೀಲಿಯಾಕ್ ಕಾಯಿಲೆಯಿಂದ ಕರುಳು ಹಾನಿಗೊಂಡಾಗ ಥೈರಾಯ್ಡ್ ಮಾತ್ರೆಯಂತಹ ಕೆಲವು ಔಷಧಗಳು ಸರಿಯಾಗಿ ಹೀರಲ್ಪಡುವುದಿಲ್ಲ. ಪಥ್ಯದಿಂದ ಕರುಳು ಚೇತರಿಸಿಕೊಂಡಂತೆ ಅವುಗಳ ಪ್ರಮಾಣವನ್ನು ವೈದ್ಯರು ಬದಲಿಸಬೇಕಾಗಬಹುದು.