‘ಪುಟ್ ಆಫ್’ ಎಂಬ ಇಂಗ್ಲಿಷ್ ಕ್ರಿಯಾಪದ

ಇಂಗ್ಲಿಷ್ ಕಲಿಯುವ ನಮ್ಮ ಬಾಲಿಕೆಯರಿಗೆ ದೊಡ್ಡ ಶಬ್ದಗಳಿಗಿಂತಲೂ ಚಿಕ್ಕ ಶಬ್ದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ ಎಂಬದನ್ನು ಎಲ್ಲರೂ ಬಲ್ಲರು. ಇವೆರಡೂ ಕೂಡಿದಾಗಲಾದರೋ ‘ಮುಂದೂಡು’ ಎಂಬ ಬೇರೊಂದು ಅರ್ಥವು ಹುಟ್ಟುತ್ತದೆ.

ಕನ್ನಡಿಗರು ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ. ಇಂಗ್ಲಿಷರು ಆಚೆಗೆ ಇಡುತ್ತಾರೆ. ಆದಕಾರಣ ಶಬ್ದಕ್ಕೆ ಶಬ್ದವನ್ನಿಟ್ಟು ‘ಪುಟ್ ಫಾರ್ವರ್ಡ್’ ಎಂದು ಬರೆಯಲಾಗದು. ಅದಕ್ಕೆ ಸಲಹೆಯನ್ನು ಮಂಡಿಸು ಎಂದು ಅರ್ಥ. ಸಭೆಯ ವಿಷಯದಲ್ಲಿ ಹೇಳಿದರೆ ಗೊತ್ತಾದ ದಿನಕ್ಕಿಂತ ಮೊದಲೇ ನಡಿಸು ಎಂಬ ವಿಪರೀತಾರ್ಥವೂ ಬರುವದು.

ಇದರ ಪ್ರಯೋಗದಲ್ಲಿ ಎರಡು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು: ನಾಮಪದವು ಕೊನೆಗಾಗಲಿ ನಡುವೆಯಾಗಲಿ ಬರಬಹುದು. ‘ಪುಟ್ ಆಫ್ ದಿ ಮ್ಯಾಚ್’, ‘ಪುಟ್ ದಿ ಮ್ಯಾಚ್ ಆಫ್’ ಎರಡೂ ಸರಿ. ಸರ್ವನಾಮವು ನಡುವೆಯೇ ಬರಬೇಕು. ‘ಪುಟ್ ಇಟ್ ಆಫ್’ ಎಂಬದು ಸರಿ, ‘ಪುಟ್ ಆಫ್ ಇಟ್’ ಎಂಬದು ತಪ್ಪು. ಎರಡನೆಯದು: ಮುಂದೆ ಇನ್ನೊಂದು ಕ್ರಿಯೆ ಬಂದರೆ ‘ಪುಟ್ ಆಫ್ ಗೋಯಿಂಗ್’ ಎನ್ನಬೇಕಲ್ಲದೆ ‘ಟು ಗೋ’ ಎನ್ನಬಾರದು.

ಕರ್ಮಪದವಿಲ್ಲದಿರುವಾಗ ಇದಕ್ಕೆ ಇನ್ನೊಂದು ಅರ್ಥವುಂಟು. ಹೊನ್ನಾವರದ ಶರಾವತಿಯ ದಡದಲ್ಲಿ ‘ದಿ ಬೋಟ್ ಪುಟ್ ಆಫ್’ ಎಂದರೆ ದೋಣಿಯು ತಡವಾಯಿತೆಂದಲ್ಲ, ದಡ ಬಿಟ್ಟು ಹೊರಟೇಹೋಯಿತು ಎಂದರ್ಥ!

‘ಕಾಲ್ ಆಫ್’ ಎಂಬದರೊಡನೆ ಇದನ್ನು ಬೆರಸಬಾರದು. ಅದಕ್ಕೆ ರದ್ದುಮಾಡು ಎಂದು ಅರ್ಥ. 2020ರಲ್ಲಿ ಕೊರೋನಾ ರೋಗದ ನಿಮಿತ್ತ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮಾರ್ಚ್ 27ರಿಂದ ಮುಂದಕ್ಕೆ ಹೋಗಿ, ಜೂನ್ 25ರಂದು ಆರಂಭವಾಯಿತು; ಇದು ‘ಪುಟ್ ಆಫ್’. 2021ರಲ್ಲಿ ದ್ವಿತೀಯ ಪಿ.ಯು.ಸಿ.ಯ ನಿಯತ ವಿದ್ಯಾರ್ಥಿಗಳ ಪರೀಕ್ಷೆಯು ರದ್ದಾಗಿ, ಹಿಂದಿನ ಅಂಕಗಳ ಆಧಾರದಿಂದ ಫಲಿತಾಂಶ ಕೊಡಲ್ಪಟ್ಟಿತು. ಇದು ‘ಕಾಲ್ ಆಫ್’. ಮೊದಲನೆಯ ಸುದ್ದಿಯನ್ನು ಎರಡನೆಯದೆಂದು ತಿಳಿದು ಪುಸ್ತಕ ಮುಚ್ಚಿಟ್ಟವಳ ಗತಿಯೇನು? ವಿವಾಹದ ಪತ್ರದಲ್ಲಿ ಈ ತಪ್ಪಾದರೆ ಎರಡು ಮನೆಗಳ ಸಂಬಂಧವೇ ಕೆಟ್ಟೀತು.

ಆದುದರಿಂದ ‘ಪುಟ್ ಆಫ್’ ಎಂದು ಬರೆಯುವಾಗ ‘ಟಿಲ್ ಮಂಡೇ’ ಎಂಬಂತೆ ಮುಂದಿನ ದಿನವನ್ನೂ ಕೂಡಿಸಿ ಬರೆಯಿರಿ. ಓದುವವರಿಗೆ ಸಂಶಯವುಳಿಯದು, ಬರೆಯುವವರಿಗೂ ಆ ದಿನ ಕೆಲಸವನ್ನು ಮಾಡಲೇಬೇಕಾಗುವದು. ದಿನ ಗೊತ್ತುಮಾಡದೆ ಮುಂದೂಡಿದ ಕೆಲಸವು ಬಹುಶಃ ರದ್ದಾದ ಕೆಲಸವೇ ಸರಿ.